ಮೌನದ ಅರ್ಥವೇನು? ಟೆಲಿಫೋನ್ ಎಕ್ಸ್‌ಚೇಂಜುಗಳು ಕಲಿತ ಪಾಠ

ಗೆಳೆಯರೊಬ್ಬರ ಮೊಬೈಲಿಗೆ ಕರೆ ಮಾಡುತ್ತೀರಿ. ಒಮ್ಮೊಮ್ಮೆ 'ಸ್ವಿಚ್ ಆಫ್ ಆಗಿದೆ' ಎಂಬ ಉತ್ತರ ತಕ್ಷಣವೇ ಬರುತ್ತದೆ. ಇನ್ನೊಮ್ಮೆ ಕೆಲವು ಸೆಕೆಂಡು ಏನೂ ಕೇಳಿಸುವುದಿಲ್ಲ. ಆಮೇಲೆ 'ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ' ಎಂಬ ಧ್ವನಿ ಬರುತ್ತದೆ. ಈ ವ್ಯತ್ಯಾಸಕ್ಕೆ ಕಾರಣವೇನೆಂದು ಎಂದಾದರೂ ಯೋಚಿಸಿದ್ದೀರಾ?

ಸಾಮಾನ್ಯವಾಗಿ ಆಗುವುದು ಹೀಗೆ. ಗುಂಡಿ ಒತ್ತಿ ಫೋನನ್ನು ಆರಿಸಿದಾಗ ಅದು ಆರುವ ಮುನ್ನ 'ನಾನು ಹೊರಟೆ' ಎಂಬ ಪುಟ್ಟ ಸಂದೇಶವನ್ನು ಜಾಲಕ್ಕೆ ಕಳಿಸುತ್ತದೆ. ಜಾಲ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಆದರೆ ಘಾಟಿಯ ತಿರುವಿನಲ್ಲಿ ಬಸ್ಸು ಇಳಿಯುವಾಗ ಸಿಗ್ನಲ್ ತಪ್ಪಿದರೆ ಹೇಳಿ ಹೋಗಲು ಫೋನಿಗೆ ಅವಕಾಶವೇ ಇರುವುದಿಲ್ಲ. ಆಗ ಜಾಲ ಅದನ್ನು ಕೂಗಿ ಕರೆಯಬೇಕು, ಕಾಯಬೇಕು. ಉತ್ತರ ಬಾರದಿದ್ದಾಗ 'ಇಲ್ಲ' ಎಂದು ತಾನೇ ತೀರ್ಮಾನಿಸಬೇಕು. ನಿಮಗೆ ಕೇಳಿಸಿದ ಆ ಕೆಲವು ಸೆಕೆಂಡುಗಳ ಮೌನ ಈ ಕಾಯುವಿಕೆಯದು.

ಹೇಳಿ ಹೋದವರ ವಿಷಯ ಸುಲಭ. ಹೇಳದೆ ಹೋದವರ ವಿಷಯವೇ ಕಷ್ಟ. ಅತ್ತ ತುದಿಯಿಂದ ಸದ್ದು ಬರುತ್ತಿಲ್ಲವೆಂದರೆ ಅಲ್ಲಿರುವವರಿಗೆ ಹೇಳುವುದೇನೂ ಇಲ್ಲವೇ, ಅಥವಾ ಅವರೇ ಇಲ್ಲವೇ? ದೂರವಾಣಿ ತಂತ್ರಜ್ಞಾನ ಸುಮಾರು ಒಂದೂವರೆ ಶತಮಾನದಿಂದ ಈ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ. ಆ ಹುಡುಕಾಟದಲ್ಲಿ ಮೂರು ಹಂತಗಳಿವೆ. ಸಂಪರ್ಕ ಕಡಿದಿದೆ ಎಂದು ತಿಳಿಯುವುದು ಮೊದಲನೆಯದು. ತಿಳಿದ ಮೇಲೆ ಕೆಲಸ ಮುಂದುವರಿಸುವುದು ಎರಡನೆಯದು. ಹೋದದ್ದು ಮರಳಿ ಬಂದಾಗ ಅದನ್ನು ಬರಮಾಡಿಕೊಳ್ಳುವುದು ಮೂರನೆಯದು. ಮೂರನೆಯದೇ ಎಲ್ಲಕ್ಕಿಂತ ಸುಲಭ ಎಂದು ಯಾರಿಗಾದರೂ ತೋರುತ್ತದೆ. ಇತಿಹಾಸ ಹೇಳುವುದು ಬೇರೆಯೇ.

ತಂತಿಯ ಕಾಲದ ಒಗಟು

ತಂತಿ ಫೋನಿದ್ದ ಮನೆಯವರಿಗೆಲ್ಲ 'ಫೋನು ಡೆಡ್' ಎಂಬ ಮಾತು ಪರಿಚಿತ. ಫೋನು ಡೆಡ್ ಆದರೆ ಪಕ್ಕದ ಮನೆಗೆ ಹೋಗಿ ಅಲ್ಲಿಂದ 198ಕ್ಕೆ ದೂರು ಕೊಡಬೇಕಿತ್ತು. ಎಕ್ಸ್‌ಚೇಂಜಿನಲ್ಲಿ ಅಷ್ಟೊಂದು ಯಂತ್ರಗಳಿದ್ದರೂ ನಮ್ಮ ಫೋನು ಸತ್ತದ್ದು ಅವುಗಳಿಗೆ ತಾವಾಗಿಯೇ ಏಕೆ ತಿಳಿಯುತ್ತಿರಲಿಲ್ಲ?

ಎಕ್ಸ್‌ಚೇಂಜು ಪ್ರತಿ ಮನೆಯ ಜೋಡಿತಂತಿಗೂ ಸುಮಾರು 48 ವೋಲ್ಟ್ ಒತ್ತಡವನ್ನು ಕೊಟ್ಟಿರುತ್ತದೆ. ರಿಸೀವರ್ ಕೆಳಗಿದ್ದಾಗ ಮಂಡಲ ತೆರೆದಿರುತ್ತದೆ, ವಿದ್ಯುತ್ ಹರಿಯುವುದಿಲ್ಲ. ಎತ್ತಿದಾಗ ಮಂಡಲ ಮುಚ್ಚಿಕೊಂಡು ವಿದ್ಯುತ್ ಹರಿಯುತ್ತದೆ. ಅದನ್ನು ಕಂಡು ಎಕ್ಸ್‌ಚೇಂಜು ಡಯಲ್ ಟೋನ್ ಕಳಿಸುತ್ತದೆ. ಈಗ ಗಾಳಿಗೆ ಮರದ ಕೊಂಬೆ ಬಿದ್ದು ತಂತಿ ತುಂಡಾಯಿತು ಎನ್ನೋಣ. ಆಗಲೂ ವಿದ್ಯುತ್ ಹರಿಯುವುದಿಲ್ಲ. ಎಂದರೆ ತುಂಡಾದ ತಂತಿಯೂ ಸುಮ್ಮನೆ ಕುಳಿತ ಫೋನೂ ಎಕ್ಸ್‌ಚೇಂಜಿನ ಕಣ್ಣಿಗೆ ಒಂದೇ! ಮಳೆಗಾಲದಲ್ಲಿ ಜೋಡಿತಂತಿಗಳು ಒಂದಕ್ಕೊಂದು ತಾಗಿದರೆ ಮಾತ್ರ ಯಾರೋ ರಿಸೀವರನ್ನು ಎತ್ತಿಟ್ಟಂತೆ ಕಂಡು ಎಕ್ಸ್‌ಚೇಂಜಿಗೆ ಸುಳಿವು ಸಿಗುತ್ತಿತ್ತು.

ಇದಕ್ಕಿಂತ ಹಿಂದಿನ ಟೆಲಿಗ್ರಾಫ್ ಯುಗದಲ್ಲೇ ಒಂದು ಪರಿಹಾರ ಗೊತ್ತಿತ್ತು. ಅಮೆರಿಕದ ಮೋರ್ಸ್ ಮಾರ್ಗಗಳಲ್ಲಿ ಸಂದೇಶವಿಲ್ಲದಾಗಲೂ ವಿದ್ಯುತ್ ಹರಿಯುತ್ತಲೇ ಇರುತ್ತಿತ್ತು. ತಂತಿ ತುಂಡಾದರೆ ಹರಿವು ನಿಂತು ಕೂಡಲೇ ಗೊತ್ತಾಗುತ್ತಿತ್ತು. ಯುರೋಪಿನ ಮಾರ್ಗಗಳಲ್ಲಿ ಹಾಗಿರಲಿಲ್ಲ. ಸಂದೇಶ ಕಳಿಸುವಾಗ ಮಾತ್ರ ವಿದ್ಯುತ್ ಹರಿಸುತ್ತಿದ್ದರು. ಇದರಿಂದ ಬ್ಯಾಟರಿಯ ಖರ್ಚು ಉಳಿಯುತ್ತಿತ್ತು, ಆದರೆ ತಂತಿ ತುಂಡಾದದ್ದು ಮುಂದಿನ ಸಂದೇಶ ಕಳಿಸುವವರೆಗೆ ತಿಳಿಯುತ್ತಿರಲಿಲ್ಲ. ಲಕ್ಷಾಂತರ ಮನೆಗಳಿಗೆ ಸದಾ ವಿದ್ಯುತ್ ಹರಿಸುವುದು ದುಬಾರಿ. ಆದ್ದರಿಂದ ಮನೆಯ ಫೋನಿಗೆ ಎರಡನೆಯ ದಾರಿ ಸಾಕಾಯಿತು. ಎಕ್ಸ್‌ಚೇಂಜುಗಳ ನಡುವಿನ ಮಾರ್ಗಗಳ ವಿಷಯದಲ್ಲಿ ಅದು ಸಾಕಾಗಲಿಲ್ಲ. ಅಲ್ಲಿ ಒಂದು ಕೊಂಡಿ ಕಡಿದರೆ ಸಾವಿರಾರು ಮಾತುಗಳು ನಿಲ್ಲುತ್ತವೆ.

ಹೂಂಗುಟ್ಟುವ ಯಂತ್ರಗಳು

ರಾತ್ರಿ ಕಥೆ ಹೇಳುವ ಅಜ್ಜಿ ಮೊಮ್ಮಗನಿಗೆ ಒಂದು ಷರತ್ತು ಹಾಕುತ್ತಾಳೆ: "ಹೂಂಗುಟ್ಟುತ್ತಾ ಇರಬೇಕು". 'ಹೂಂ' ಎಂಬುದಕ್ಕೆ ಬೇರೆ ಅರ್ಥವೇನೂ ಇಲ್ಲ. 'ನಾನು ಎಚ್ಚರವಾಗಿದ್ದೇನೆ, ಕೇಳಿಸಿಕೊಳ್ಳುತ್ತಿದ್ದೇನೆ' ಎಂಬುದಷ್ಟೇ ಅದರ ಅರ್ಥ. ಹೂಂ ನಿಂತರೆ ಮೊಮ್ಮಗ ನಿದ್ದೆಹೋದನೆಂದು ಅಜ್ಜಿಗೆ ತಿಳಿಯುತ್ತದೆ. ಡಿಜಿಟಲ್ ಎಕ್ಸ್‌ಚೇಂಜುಗಳು ಅನುಸರಿಸಿದ್ದು ಇದೇ ಉಪಾಯವನ್ನು.

ಎರಡು ಎಕ್ಸ್‌ಚೇಂಜುಗಳನ್ನು ಜೋಡಿಸುವ 2 ಮೆಗಾಬಿಟ್ ಮಾರ್ಗವನ್ನು ನೋಡಿ. ಭಾರತವೂ ಬಳಸುವ ಈ ಮಾರ್ಗದಲ್ಲಿ 30 ಮಾತುಗಳು ಏಕಕಾಲಕ್ಕೆ ಸಾಗುತ್ತವೆ. ಸೆಕೆಂಡಿಗೆ 8,000 ಚೌಕಟ್ಟುಗಳಲ್ಲಿ ಅಂಕೆಗಳು ಹರಿಯುತ್ತವೆ. ಒಂದು ಬಿಟ್ಟು ಒಂದು ಚೌಕಟ್ಟಿನ ಆರಂಭದಲ್ಲಿ ಒಂದು ಗೊತ್ತಾದ ಗುರುತು ಇರುತ್ತದೆ. ಸಾಲಾಗಿ ಮೂರು ಸಲ ಆ ಗುರುತು ತಪ್ಪಿದರೆ ಸಂಪರ್ಕ ತಪ್ಪಿತೆಂದು ಲೆಕ್ಕ. ಇದು ತಿಳಿಯಲು ಒಂದು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಕಾಗುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೋಗುವ ದಾರಿ, ಬರುವ ದಾರಿ ಎರಡೂ ಬೇರೆ ಬೇರೆ. ಒಂದು ಮಾತ್ರ ಕಡಿದರೆ ಒಬ್ಬರಿಗೆ ಎಲ್ಲವೂ ಸರಿಯಾಗಿ ಕೇಳಿಸುತ್ತದೆ, ಇನ್ನೊಬ್ಬರಿಗೆ ಏನೂ ಕೇಳಿಸುವುದಿಲ್ಲ. ಕೇಳಿಸುತ್ತಿರುವವರು ತಮ್ಮ ಮಾತು ಅತ್ತ ಮುಟ್ಟುತ್ತಿಲ್ಲವೆಂದು ತಿಳಿಯುವುದು ಹೇಗೆ? ಅದಕ್ಕಾಗಿಯೇ ಒಂದು ಬಿಟ್ಟನ್ನು ಮೀಸಲಿಟ್ಟಿದ್ದಾರೆ. 'ನಿಮ್ಮ ಮಾತು ನನಗೆ ಕೇಳಿಸುತ್ತಿಲ್ಲ' ಎಂದು ಹೇಳುವುದಷ್ಟೇ ಅದರ ಕೆಲಸ.

ಎಕ್ಸ್‌ಚೇಂಜುಗಳು ಕರೆಗಳ ಬಗ್ಗೆ ತಮ್ಮೊಳಗೆ ಆಡುವ ಮಾತಿಗೆ ಪ್ರತ್ಯೇಕ ಮಾರ್ಗವಿದೆ. ಅದರ ನಿಯಮಾವಳಿ 7ನೆಯ ಸಂಕೇತ ಪದ್ಧತಿ. 1980ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾದ ಇದರಲ್ಲಿ ಹೂಂಗುಟ್ಟುವಿಕೆ ಪರಾಕಾಷ್ಠೆ ಮುಟ್ಟಿದೆ. ಹೇಳುವುದು ಏನೂ ಇಲ್ಲದಿದ್ದಾಗಲೂ ಮಾರ್ಗ ಖಾಲಿ ಇರುವಂತಿಲ್ಲ. ಅರ್ಥವಿಲ್ಲದ ಭರ್ತಿ ಕಟ್ಟುಗಳು ಎಡೆಬಿಡದೆ ಹರಿಯುತ್ತಿರಬೇಕು. ಸೆಕೆಂಡಿಗೆ 64,000 ಬಿಟ್ ಸಾಗುವ ಮಾರ್ಗದಲ್ಲಿ ಇಂಥವು ಸಾವಿರಕ್ಕೂ ಹೆಚ್ಚು!

ಆದರೆ ಒಂದು ಕಟ್ಟು ಕೆಟ್ಟ ಮಾತ್ರಕ್ಕೆ ಮಾರ್ಗವೇ ಸತ್ತಿತು ಎನ್ನಬಹುದೇ? ಮಿಂಚು, ವಿದ್ಯುತ್ ಗದ್ದಲಗಳಿಂದ ಅಲ್ಲೊಂದು ಇಲ್ಲೊಂದು ಕೆಡುವುದು ಸಹಜ. ಇದನ್ನು ನಿಭಾಯಿಸಲು ತೂತುಬಿಂದಿಗೆಯ ಉಪಾಯವನ್ನು ಬಳಸಿದರು. ಕೆಟ್ಟ ಕಟ್ಟು ಒಂದು ಬಂದರೆ ಬಿಂದಿಗೆಗೆ ಒಂದು ಹನಿ. ಬಂದ ಪ್ರತಿ 256 ಕಟ್ಟುಗಳಿಗೆ ಒಂದು ಹನಿ ತೂತಿನಿಂದ ಸೋರಿಹೋಗುತ್ತದೆ. ಬಿಂದಿಗೆಯಲ್ಲಿ 64 ಹನಿ ತುಂಬಿದರೆ ಮಾರ್ಗ ಕೆಟ್ಟಿದೆಯೆಂದು ತೀರ್ಮಾನ. ಅಪರೂಪದ ತಪ್ಪುಗಳು ಸೋರಿಹೋಗುತ್ತವೆ, ಒಂದರ ಮೇಲೊಂದು ಬಂದವು ಮಾತ್ರ ತುಂಬುತ್ತವೆ. ಕಟ್ಟುಗಳ ಗಡಿಯೇ ಗುರುತಿಗೆ ಸಿಗದಷ್ಟು ಸಂಪರ್ಕ ತಪ್ಪಿದಾಗ ಪ್ರತಿ 16 ಬೈಟಿಗೆ ಒಂದು ಹನಿ. ನೀವೇ ಲೆಕ್ಕ ಹಾಕಿ: 64ನ್ನು 16ರಿಂದ ಗುಣಿಸಿದರೆ 1,024 ಬೈಟ್, ಎಂದರೆ 8,192 ಬಿಟ್. ಸೆಕೆಂಡಿಗೆ 64,000 ಬಿಟ್‌ನಂತೆ ಸೆಕೆಂಡಿನ ಸುಮಾರು ಎಂಟನೆಯ ಒಂದು ಭಾಗ. ನೀವು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನ ಮುಗಿದಿರುತ್ತದೆ.

ಅಷ್ಟಕ್ಕೇ ನಿಲ್ಲುವುದಿಲ್ಲ. ಎರಡು ತುದಿಗಳೂ ಬದಲಿ ಮಾರ್ಗದ ಮೂಲಕ ಪರಸ್ಪರ ವಿಚಾರಿಸಿಕೊಳ್ಳುತ್ತವೆ: 'ನನ್ನಿಂದ ನಿಮಗೆ ಕೊನೆಯದಾಗಿ ಮುಟ್ಟಿದ ಸಂದೇಶ ಎಷ್ಟನೆಯದು?' ಮುಂದಿನದರಿಂದ ಹೊಸ ಮಾರ್ಗದಲ್ಲಿ ಕಳಿಸುತ್ತವೆ. ಹೀಗಾಗಿ ಸಾಮಾನ್ಯವಾಗಿ ಯಾವ ಸಂದೇಶವೂ ಕಳೆಯುವುದಿಲ್ಲ, ಎರಡು ಸಲ ಮುಟ್ಟುವುದೂ ಇಲ್ಲ.

ಸತ್ತ ಮಾರ್ಗ ಮತ್ತೆ ಜೀವ ತಳೆದಾಗ ಅದನ್ನು ಕೂಡಲೇ ಕೆಲಸಕ್ಕೆ ತೆಗೆದುಕೊಳ್ಳುವುದೂ ಇಲ್ಲ. ಮೊದಲು ಪರೀಕ್ಷೆ. ಸಾಮಾನ್ಯ ಸಂದರ್ಭದಲ್ಲಿ 65,536 ಬೈಟ್ ಹರಿಯುವಷ್ಟು ಕಾಲ, ಎಂದರೆ ಸುಮಾರು 8 ಸೆಕೆಂಡು ಅದನ್ನು ಗಮನಿಸಲಾಗುತ್ತದೆ. ತಪ್ಪುಗಳು ನಾಲ್ಕು ಮುಟ್ಟಿದರೆ ಪರೀಕ್ಷೆ ಮತ್ತೆ ಮೊದಲಿನಿಂದ. ಬೇರೆ ಮಾರ್ಗವೇ ಇಲ್ಲದ ತುರ್ತಿನಲ್ಲಿ ಮಾತ್ರ ಅರ್ಧ ಸೆಕೆಂಡಿನ ಪರೀಕ್ಷೆ ಸಾಕು. ಕಡಿದದ್ದನ್ನು ನಂಬಲು ಎಂಟನೆಯ ಒಂದು ಸೆಕೆಂಡು, ಮರಳಿದ್ದನ್ನು ನಂಬಲು ಎಂಟು ಸೆಕೆಂಡು. ಈ ಅಂತರವನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ತಾಯಿಯಿಂದ ಬೇರೆಯಾದಾಗ

ಮಾರ್ಗ ಒಂದೇ ಇದ್ದು ಅದೂ ಕಡಿದರೆ? ಹಳ್ಳಿಗಳ ಎಕ್ಸ್‌ಚೇಂಜುಗಳಿಗೆ ಇದು ಕಲ್ಪನೆಯ ಪ್ರಶ್ನೆಯಲ್ಲ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಭಾರತದ ಹಳ್ಳಿಗಳಿಗೆಂದೇ 128 ಮಾರ್ಗಗಳ ಪುಟ್ಟ ಡಿಜಿಟಲ್ ಎಕ್ಸ್‌ಚೇಂಜನ್ನು ರೂಪಿಸಿತು. ಹವಾನಿಯಂತ್ರಣ ಬೇಡದ, ಧೂಳು ಬಿಸಿಲು ತಡೆಯುವ ಈ ಯಂತ್ರಗಳಲ್ಲಿ ಮೊದಲನೆಯದು 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಕೆಲಸಕ್ಕೆ ತೊಡಗಿತು. ಅದರೊಳಗೆ ಮುಖ್ಯ ಭಾಗಗಳು ಜೋಡಿಯಾಗಿದ್ದವು. ಒಂದು ಕೆಟ್ಟರೆ ಇನ್ನೊಂದು ವಹಿಸಿಕೊಳ್ಳಬೇಕು.

ಯಂತ್ರದೊಳಗಿನ ಈ ಜೋಡಿಯ ಕ್ರಮ ಹಳೆಯದು. 1965ರ ಮೇ ತಿಂಗಳಲ್ಲಿ ಅಮೆರಿಕದ ನ್ಯೂಜೆರ್ಸಿಯ ಸಕಸನ್ನಾ ಎಂಬಲ್ಲಿ 1 ಇಎಸ್‌ಎಸ್ ಎಂಬ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜು ಆರಂಭವಾಯಿತು. ಅದರ ವಿನ್ಯಾಸಕಾರರು ಹಾಕಿಕೊಂಡ ಗುರಿ 40 ವರ್ಷಗಳಲ್ಲಿ ಒಟ್ಟು 2 ಗಂಟೆಗಿಂತ ಹೆಚ್ಚು ಕೆಲಸ ನಿಲ್ಲಬಾರದೆಂಬುದು. ವರ್ಷಕ್ಕೆ ಕೇವಲ 3 ನಿಮಿಷ! ಅದಕ್ಕಾಗಿ ಎರಡು ಪ್ರೊಸೆಸರುಗಳು ಒಂದೇ ಲೆಕ್ಕವನ್ನು ಒಟ್ಟಿಗೆ ಮಾಡುತ್ತ ಉತ್ತರಗಳನ್ನು ಹೋಲಿಸಿ ನೋಡುತ್ತಿದ್ದವು. ಹೊಂದದಿದ್ದರೆ ತಪ್ಪು ಯಾರದೆಂದು ಪರೀಕ್ಷಿಸಿ ತಪ್ಪಿದವರನ್ನು ಬದಿಗಿಡುತ್ತಿದ್ದವು.

ದೊಡ್ಡ ಎಕ್ಸ್‌ಚೇಂಜಿನ ಒಂದು ತುಂಡನ್ನು ದೂರದ ಊರಿನಲ್ಲಿಟ್ಟು ಡಿಜಿಟಲ್ ಮಾರ್ಗದಿಂದ ತಾಯಿ ಎಕ್ಸ್‌ಚೇಂಜಿಗೆ ಜೋಡಿಸುವ ಕ್ರಮ ಬಂದಾಗ ಹೊಸ ಪ್ರಶ್ನೆ ಎದ್ದಿತು. ತುಂಡಿಗೆ ಬುದ್ಧಿಯೆಲ್ಲ ತಾಯಿಯಿಂದಲೇ ಬರುವುದಾದರೆ, ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದಾಗ ಇಡೀ ಊರು ಮೂಕವಾಗುತ್ತದೆ. ಎದುರು ಮನೆಗೂ ಕರೆ ಹೋಗುವುದಿಲ್ಲ. ಆದ್ದರಿಂದ ಇಂಥ ದೂರದ ಘಟಕಗಳಿಗೆ ಸ್ವಂತ ಬುದ್ಧಿಯನ್ನೂ ಸ್ವಲ್ಪ ಕೊಟ್ಟರು. ತಾಯಿಯೊಡನೆ ಸಂಪರ್ಕ ತಪ್ಪಿದರೆ ಊರೊಳಗಿನ ಕರೆಗಳನ್ನಾದರೂ ತಾವೇ ಜೋಡಿಸುತ್ತವೆ. ಸಿ-ಡಾಟ್‌ನ ದೂರ ಘಟಕಗಳಲ್ಲೂ ಈ ಸೌಲಭ್ಯವಿತ್ತು. ಪ್ರವಾಹದಲ್ಲಿ ಹೊರಗಿನ ಸಂಪರ್ಕ ಕಡಿದ ಊರಿನಲ್ಲಿ ಆಸ್ಪತ್ರೆಗೋ ಪೊಲೀಸ್ ಠಾಣೆಗೋ ಕರೆ ಹೋಗುತ್ತದೆಂದರೆ ಅದು ಸಣ್ಣ ಮಾತಲ್ಲ.

1990ರ ಜನವರಿ 15

ಸಾವನ್ನು ಗುರುತಿಸುವುದು, ಬದಲಿ ದಾರಿ ಹಿಡಿಯುವುದು ಎರಡೂ ಹೀಗೆ ಕರಗತವಾದವು. ಹಾಗಿದ್ದರೂ 1990ರ ಜನವರಿ 15ರ ಸೋಮವಾರ ಮಧ್ಯಾಹ್ನ ಸುಮಾರು 2.25ಕ್ಕೆ ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ನಿಯಂತ್ರಣ ಕೇಂದ್ರದ ಫಲಕಗಳ ತುಂಬ ಕೆಂಪು ಎಚ್ಚರಿಕೆಗಳು ಹರಡತೊಡಗಿದವು. ದೇಶದ ದೂರದ ಕರೆಗಳನ್ನು ಸಾಗಿಸುತ್ತಿದ್ದ ಅದರ 114 ದೊಡ್ಡ ಸ್ವಿಚ್‌ಗಳು ಒಂದಾದ ಮೇಲೊಂದರಂತೆ ಕೆಲಸ ನಿಲ್ಲಿಸುತ್ತಿದ್ದವು, ಮರಳಿ ಬರುತ್ತಿದ್ದವು, ಮತ್ತೆ ನಿಲ್ಲಿಸುತ್ತಿದ್ದವು. ಸುಮಾರು ಒಂಬತ್ತು ಗಂಟೆ ಇದೇ ಸ್ಥಿತಿ. ಅಷ್ಟು ಹೊತ್ತು ಹೆಚ್ಚುಕಡಿಮೆ ಅರ್ಧದಷ್ಟು ಕರೆಗಳು ಮುಟ್ಟಲೇ ಇಲ್ಲ.

ಆದದ್ದಾದರೂ ಏನು? ನ್ಯೂಯಾರ್ಕಿನ ಒಂದು ಸ್ವಿಚ್ಚಿನಲ್ಲಿ ಸಣ್ಣ ದೋಷ ಕಂಡಿತು. ಅದು ನಿಯಮದಂತೆ ನೆರೆಯ ಸ್ವಿಚ್‌ಗಳಿಗೆ 'ಸ್ವಲ್ಪ ಹೊತ್ತು ನನಗೆ ಕರೆ ಕಳಿಸಬೇಡಿ' ಎಂದು ತಿಳಿಸಿ, ನಾಲ್ಕಾರು ಸೆಕೆಂಡುಗಳಲ್ಲಿ ತನ್ನನ್ನು ತಾನೇ ಸರಿಪಡಿಸಿಕೊಂಡಿತು. ಇಲ್ಲಿಯವರೆಗೆ ಎಲ್ಲವೂ ಸರಿ.

ಹಿಂದಿನ ತಂತ್ರಾಂಶದಲ್ಲಿ ಮರಳಿದ ಸ್ವಿಚ್ಚು 'ನಾನು ಬಂದೆ' ಎಂದು ಪ್ರತ್ಯೇಕವಾಗಿ ಸಾರುತ್ತಿತ್ತು. ಮರಳುವಿಕೆಯನ್ನು ಚುರುಕುಗೊಳಿಸಲು 1989ರ ಡಿಸೆಂಬರ್ ಮಧ್ಯದಲ್ಲಿ ತಂತ್ರಾಂಶವನ್ನು ಬದಲಿಸಲಾಗಿತ್ತು. ಹೊಸದರಲ್ಲಿ ಈ ಸಾರುವಿಕೆ ಇಲ್ಲ. ಮರಳಿದ ಸ್ವಿಚ್ಚಿನಿಂದ ಹೊಸ ಕರೆಯ ಸಂದೇಶ ಬಂದರೆ ಅದು ಬಂದಿದೆ ಎಂದೇ ನೆರೆಯವರು ತಿಳಿದು ತಮ್ಮ ಪಟ್ಟಿಯನ್ನು ತಿದ್ದಿಕೊಳ್ಳಬೇಕು. ಆ ದಿನ ನೆರೆಯ ಸ್ವಿಚ್ಚು ಪಟ್ಟಿಯನ್ನು ತಿದ್ದುತ್ತಿರುವಾಗಲೇ, ಸೆಕೆಂಡಿನ ನೂರರ ಒಂದು ಭಾಗದೊಳಗೆ, ಎರಡನೆಯ ಕರೆಯ ಸಂದೇಶವೂ ಬಂದು ಬಿದ್ದಿತು. ಆಗ ಹೊಸ ತಂತ್ರಾಂಶದಲ್ಲಿ ಅಡಗಿದ್ದ ತಪ್ಪು ಹೊರಬಿತ್ತು. ಸಿ ಭಾಷೆಯಲ್ಲಿ ಬರೆದ ಆ ಭಾಗದಲ್ಲಿ ಒಂದು 'ಬ್ರೇಕ್' ಆದೇಶ ತಪ್ಪು ಜಾಗದಲ್ಲಿತ್ತು. ಬರೆದವರು ಅಂದುಕೊಂಡದ್ದಕ್ಕಿಂತ ದೊಡ್ಡ ಆವರಣದಿಂದಲೇ ಅದು ಹೊರಗೆ ಹಾರಿತು. ಮಾಡಬೇಕಾದ ಕೆಲಸ ಉಳಿದು, ಸ್ಮೃತಿಯಲ್ಲಿದ್ದ ಮಾಹಿತಿಯ ಮೇಲೆ ಬೇರೆ ಮಾಹಿತಿ ಬಿದ್ದು ಕೆಟ್ಟಿತು.

ಸ್ವಿಚ್ಚು ಬುದ್ಧಿವಂತ. ತನ್ನ ಮಾಹಿತಿ ಕೆಟ್ಟದ್ದನ್ನು ತಾನೇ ಗುರುತಿಸಿತು. ನಿಯಮದಂತೆ ನೆರೆಯವರಿಗೆ ತಿಳಿಸಿ ಕೆಲಸ ನಿಲ್ಲಿಸಿ, ಕೆಲವೇ ಸೆಕೆಂಡುಗಳಲ್ಲಿ ಮರಳಿತು. ಮರಳಿದ ಕೂಡಲೇ ಬಾಕಿ ಉಳಿದಿದ್ದ ಕರೆಗಳನ್ನು ಕಳಿಸಿತು. ಅವು ಅದರ ನೆರೆಯವರಿಗೆ ಒಂದರ ಹಿಂದೊಂದು ಮುಟ್ಟಿದವು. ಅವುಗಳಲ್ಲೂ ಅದೇ ತಂತ್ರಾಂಶ, ಅದೇ ತಪ್ಪು! ಹೀಗೆ ಒಂದರ ಚೇತರಿಕೆ ಇನ್ನೊಂದರ ಕಾಯಿಲೆಯಾಯಿತು. ಯಾವ ಸ್ವಿಚ್ಚೂ ಹೆಚ್ಚು ಹೊತ್ತು ಸಾಯಲಿಲ್ಲ. ಆದರೆ ಜಾಲವೇ ಸತ್ತಂತಾಯಿತು. ಜೋಡಿ ಪ್ರೊಸೆಸರುಗಳೂ ನೆರವಾಗಲಿಲ್ಲ. ಜೋಡಿಯಲ್ಲಿ ಎರಡಕ್ಕೂ ಒಂದೇ ತಂತ್ರಾಂಶವಿದ್ದರೆ ಎರಡೂ ಒಂದೇ ರೀತಿ ತಪ್ಪುತ್ತವೆ.

ಎಂಜಿನಿಯರುಗಳು ಕೊನೆಗೆ ಹಿಡಿದ ದಾರಿ ಸರಳವಾದದ್ದು. ಸಂದೇಶಗಳ ಭಾರವನ್ನು ಇಳಿಸಿದರು. ಒಂದರ ಬೆನ್ನಿಗೆ ಇನ್ನೊಂದು ಅಷ್ಟು ಬೇಗ ಬೀಳುವುದು ತಪ್ಪಿತು. ರಾತ್ರಿ ಸುಮಾರು 11.30ಕ್ಕೆ ಜಾಲ ನೆಲೆಗೆ ಬಂದಿತು.

ಈಗ ಮೇಲಿನ ಎಂಟು ಸೆಕೆಂಡುಗಳನ್ನು ನೆನಪಿಸಿಕೊಳ್ಳಿ. 7ನೆಯ ಸಂಕೇತ ಪದ್ಧತಿ ಮರಳಿದ ಮಾರ್ಗವನ್ನು ಪರೀಕ್ಷಿಸಿಯೇ ಬರಮಾಡಿಕೊಳ್ಳುತ್ತದೆ. ಮಾರ್ಗಕ್ಕೆ ಇದ್ದ ಆ ಎಚ್ಚರ ಇಡೀ ಸ್ವಿಚ್ಚಿನ ಮರಳುವಿಕೆಗೆ ಇರಲಿಲ್ಲ. ಕೆಲವು ಸೆಕೆಂಡು ಉಳಿಸಹೋದದ್ದು ಒಂಬತ್ತು ಗಂಟೆಗಳನ್ನು ನುಂಗಿತು.

ಇಂಟರ್ನೆಟ್ಟಿನ ದಾರಿಯಲ್ಲಿ

ಶತಮಾನದ ತಿರುವಿನಲ್ಲಿ ದೂರವಾಣಿ ಸಂಕೇತಗಳನ್ನು ಇಂಟರ್ನೆಟ್ ಮಾದರಿಯ ಜಾಲಗಳ ಮೇಲೆ ಸಾಗಿಸುವ ಪ್ರಯತ್ನ ಆರಂಭವಾಯಿತು. ಆಗ ಹಳೆಯ ಒಗಟು ಮತ್ತೆ ಎದುರಾಯಿತು. ಇಂಟರ್ನೆಟ್ಟಿನ ಹೆಚ್ಚಿನ ಕೆಲಸ ನಡೆಯುವುದು ಟಿಸಿಪಿ ಎಂಬ ನಿಯಮಾವಳಿಯಲ್ಲಿ. ಅದರಲ್ಲಿ ಮಾತಿಲ್ಲದಾಗ ಎರಡೂ ತುದಿಗಳು ಸುಮ್ಮನಿರುತ್ತವೆ. ಹೂಂಗುಟ್ಟುವ ಏರ್ಪಾಡು ಕಡ್ಡಾಯವಲ್ಲ. ಇಟ್ಟುಕೊಂಡರೂ, ಬೇರೆ ಸೂಚನೆ ಇಲ್ಲದಿದ್ದರೆ 2 ಗಂಟೆ ಮೌನ ಕಳೆಯುವವರೆಗೆ ಅದು ವಿಚಾರಿಸಬಾರದೆಂದು 1989ರ ಮಾನಕ ಹೇಳಿದೆ. ಪುಟ ಓದುವವರಿಗೆ ಇದು ಸಾಕು. ಸೆಕೆಂಡಿನ ಎಂಟನೆಯ ಒಂದು ಭಾಗಕ್ಕೆ ಒಗ್ಗಿದ ಎಕ್ಸ್‌ಚೇಂಜಿಗೆ ಸಾಕೇ?

ಆದ್ದರಿಂದ 2000ದ ಅಕ್ಟೋಬರಿನಲ್ಲಿ ಎಸ್‌ಸಿಟಿಪಿ ಎಂಬ ಹೊಸ ನಿಯಮಾವಳಿ ಪ್ರಕಟವಾಯಿತು. ಅದರಲ್ಲಿ ಒಂದೇ ಸಂಪರ್ಕಕ್ಕೆ ಹಲವು ದಾರಿಗಳನ್ನು ಇಟ್ಟುಕೊಳ್ಳಬಹುದು. ಸುಮ್ಮನಿರುವ ದಾರಿಯಲ್ಲಿ ಸುಮಾರು 30 ಸೆಕೆಂಡಿಗೊಮ್ಮೆ 'ಹೃದಯಬಡಿತ'ದ ಸಂದೇಶ ಹೋಗುತ್ತದೆ. ಅತ್ತಲಿಂದ ಮರುಬಡಿತ ಬರಬೇಕು. ಕಳಿಸಿದ ಮಾಹಿತಿಗೆ ಉತ್ತರ ಬಾರದಿದ್ದರೆ ಮೊದಲು 1 ಸೆಕೆಂಡು ಕಾಯುತ್ತದೆ, ಆಮೇಲೆ 2, 4, 8, 16, 32 ಸೆಕೆಂಡು. ಒಟ್ಟು 63 ಸೆಕೆಂಡು ಕಳೆದ ಮೇಲೆ ಆ ದಾರಿ ಸತ್ತಿದೆಯೆಂದು ತೀರ್ಮಾನ. ಇದೂ ದೂರವಾಣಿಗೆ ದೀರ್ಘವೇ. ಹಾಗಾಗಿ ಜಾಲ ನಡೆಸುವವರು ಈ ಅಂಕಿಗಳನ್ನು ಇಳಿಸಿಕೊಳ್ಳುತ್ತಾರೆ. ತೀರ ಇಳಿಸಿದರೆ ದಟ್ಟಣೆಯಿಂದ ತುಸು ತಡವಾದ ಉತ್ತರವನ್ನೂ ಸಾವೆಂದು ತಿಳಿಯುವ ಅಪಾಯವಿದೆ. ಎಷ್ಟು ಹೊತ್ತು ಕಾಯಬೇಕೆಂಬುದಕ್ಕೆ ಎಲ್ಲ ಕಡೆಗೂ ಹೊಂದುವ ಒಂದೇ ಉತ್ತರ ಇಲ್ಲ.

ಈ ಹೃದಯಬಡಿತದಲ್ಲೂ ಒಂದು ಜಾಣತನವಿದೆ. ಬಡಿತಗಳ ನಡುವಿನ ಕಾಲವನ್ನು ಬೇಕೆಂದೇ ತುಸು ಹೆಚ್ಚುಕಡಿಮೆ ಮಾಡುತ್ತಾರೆ. ಎಲ್ಲರೂ ಒಂದೇ ಕ್ಷಣದಲ್ಲಿ ಹೂಂಗುಟ್ಟಿದರೆ ಅದೇ ಒಂದು ಗದ್ದಲವಾಗಬಹುದಲ್ಲವೇ?

ಎಲ್ಲರೂ ಒಟ್ಟಿಗೆ ಮರಳಿದಾಗ

ಇಷ್ಟಾದರೂ ಮೂರನೆಯ ಹಂತದ ಪಾಠ ಪೂರ್ತಿ ಮುಗಿದಿಲ್ಲ. 2022ರ ಜುಲೈ 2ರಂದು ಜಪಾನಿನ ಕೆಡಿಡಿಐ ಕಂಪನಿ ಒಂದು ರೂಟರ್ ಬದಲಿಸುವ ಕೆಲಸ ಕೈಗೊಂಡಿತು. ದಾರಿ ತಪ್ಪಿ ಸುಮಾರು 15 ನಿಮಿಷ ಧ್ವನಿಕರೆಗಳು ನಿಂತವು. ತಪ್ಪು ತಿಳಿದು ಹಿಂದಿನ ಸ್ಥಿತಿಗೆ ತಂದರು. ಅಷ್ಟರಲ್ಲಿ ಸಂಪರ್ಕ ಕಳೆದುಕೊಂಡಿದ್ದ ಅಸಂಖ್ಯ ಫೋನುಗಳು ಏಕಕಾಲಕ್ಕೆ 'ನನ್ನನ್ನು ಮತ್ತೆ ನೋಂದಾಯಿಸಿಕೊಳ್ಳಿ' ಎಂದು ಮುಗಿಬಿದ್ದವು. ನೋಂದಣಿ ಯಂತ್ರಗಳು ದಟ್ಟಣೆಯಲ್ಲಿ ಸಿಲುಕಿದವು. ಉತ್ತರ ಸಿಗದ ಫೋನುಗಳು ಮತ್ತೆ ಕೇಳಿದವು, ದಟ್ಟಣೆ ಇನ್ನೂ ಹೆಚ್ಚಿತು. ಚಂದಾದಾರರ ದಾಖಲೆಗಳಲ್ಲೂ ಹೊಂದಿಕೆ ತಪ್ಪಿತು. 15 ನಿಮಿಷದ ತಪ್ಪು ಸುಮಾರು 61 ಗಂಟೆಗಳ ತೊಂದರೆಯಾಯಿತು. ತೊಂದರೆಗೆ ಒಳಗಾದವರು 2 ಕೋಟಿಗೂ ಹೆಚ್ಚು.

1990ಕ್ಕೂ 2022ಕ್ಕೂ ಯಂತ್ರ, ಭಾಷೆ, ದೇಶ ಎಲ್ಲವೂ ಬೇರೆ. ಕಥೆ ಮಾತ್ರ ಒಂದೇ. ಎರಡರಲ್ಲೂ ಹಾನಿ ಮಾಡಿದ್ದು ಮೊದಲಿನ ಸಣ್ಣ ಸಾವಲ್ಲ, ಆಮೇಲಿನ ಆತುರದ ಪುನರ್ಜನ್ಮ. ಪರಿಹಾರವೂ ಹೆಚ್ಚುಕಡಿಮೆ ಒಂದೇ: ಭಾರ ಇಳಿಸಿ, ನಿಧಾನವಾಗಿ, ಸರದಿಯಂತೆ ಒಳಗೆ ಬಿಡಿ.

ವಿದ್ಯುತ್ ಹೋಗಿ ಬಂದಾಗ ಮನೆಯ ಹಿರಿಯರು ಫ್ರಿಜ್, ಪಂಪು, ಹೀಟರುಗಳನ್ನು ಒಟ್ಟಿಗೆ ಹಾಕಗೊಡುವುದಿಲ್ಲ. 'ಸ್ವಲ್ಪ ತಾಳು, ಕರೆಂಟು ನಿಲ್ಲಲಿ' ಎನ್ನುತ್ತಾರೆ. ಎಕ್ಸ್‌ಚೇಂಜುಗಳು ಒಂದೂವರೆ ಶತಮಾನದಲ್ಲಿ ಕಲಿತದ್ದರ ಸಾರ ಆ ಮಾತಿನಲ್ಲೇ ಇದೆ. ಮುಂದಿನ ಸಲ ಕರೆ ಮಾಡಿ ಕಾಯುವಾಗ ಆ ಕೆಲವು ಸೆಕೆಂಡುಗಳ ಮೌನವನ್ನು ಬೇಸರವಿಲ್ಲದೆ ಕೇಳಿ. ಎಲ್ಲೋ ಒಂದು ಯಂತ್ರ ನಿಮ್ಮ ಗೆಳೆಯರ 'ಹೂಂ'ಗಾಗಿ ಕಿವಿಗೊಟ್ಟು ಕುಳಿತಿದೆ. 'ಇಲ್ಲ' ಎಂದು ತೀರ್ಮಾನಿಸುವ ಮುನ್ನ ಇನ್ನಷ್ಟು ಹೊತ್ತು ಕಾಯೋಣವೇ ಎಂದು ಲೆಕ್ಕ ಹಾಕುತ್ತಿದೆ.